ಕಡಲಪಾಚಿ, ಖಾದ್ಯ

ಸಮುದ್ರತೀರದ ಬಂಡೆಗಳನ್ನಾಶ್ರಯಿಸಿ ಬೆಳೆಯುವ, ನಿಜವಾದ ಬೇರು ಕಾಂಡಗಳಿಲ್ಲದ, ಆಹಾರಯೋಗ್ಯವಾದ ಶೈವಲವರ್ಗ. ಹಸಿರು, ಕಂದು, ಕೆಂಪು ಎಂದು ಇದರಲ್ಲಿ ಮೂರು ಬಗೆಗಳುಂಟು. ಕಾರವಾರದ ಕಡೆಯ ಕರಾವಳಿಯ ಬಂಡೆಗಳಲ್ಲಿ ಅಲ್ವಾ, ಸರ್ಗಾಸಮ್ ಮೊದಲಾದವು ಬೆಳೆಯುತ್ತವೆಯಾದರೂ, ಜಪಾನ್, ಕೊರಿಯಾಗಳಲ್ಲಿರುವಂತೆ ನಿತ್ಯಾಹಾರದ ಸ್ಥಾನ ಇವಕ್ಕೆ ಇಲ್ಲಿ ದೊರೆತಿಲ್ಲ.

ಬೆಂಗಳೂರಿನ ಎನ್.ಆರ್. ಕಾಲೋನಿ, ಬಸವನಗುಡಿಗಳ ಸಸ್ಯಾಹಾರಿ ಗೃಹಗಳನ್ನು ಇದು ಪ್ರವೇಶಿಸಿರುವುದು ಕೆಂಪು ಪಾಚಿಯಿಂದ ತೆಗೆದ ಅಗರ್, ಅರ್ಥಾತ್ ದಿನಸಿ ಅಂಗಡಿಯ ಚೈನಾ ಗ್ರಾಸ್, ಎಂಬ ರೂಪದಲ್ಲಿ: ನೆನೆಸಿಟ್ಟ ಬಿಳಿಯ ಎಳೆಗಳನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಕರಗಿದ ಮೇಲೆ ಸಕ್ಕರೆ ಬೆರೆತ ಬಿಸಿಹಾಲಿಗೆ ಸೋಸಿ ತಟ್ಟೆಗೆ ಹೊಯ್ದರೆ, ಫ್ರಿಜ್ಜಿನ ನೆರವಿಲ್ಲದೆಯೇ ಅದು ಹೆಪ್ಪುಗಟ್ಟುವುದು. ಆ ಸಿಹಿಯಲ್ಲಿ ಅಸ್ಥಿಪೋಷಕವಾದ ಕ್ಯಾಲ್ಸಿಯಂ ಬಹುಪಾಲು ಹಾಲಿನದೇ ಹೊರತು ಅಗರಿನದಲ್ಲ.

ಇಡಿಯಾಗಿ ತಿನ್ನುವ ಪಾಚಿಗಳಲ್ಲಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ, ಮೂಳೆಯ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಕ್ಯಾಲ್ಸಿಯಮನ್ನು ಹಿಡಿದಿಡಲು ಅವಶ್ಯಕವಾದ ಕೆ ಜೀವಸತ್ವವೂ ಉಂಟು. ಆದರೆ ತಿನ್ನುವ ಪ್ರಮಾಣ ಅತ್ಯಲ್ಪವಾದುದರಿಂದಲೂ, ಮನುಷ್ಯರ ಮೇಲಿನ ದೀರ್ಘಕಾಲದ ಪರೀಕ್ಷೆಗಳು ವಿರಳವಾದುದರಿಂದಲೂ, ಮೂಳೆಸವೆತಕ್ಕೆ ಇದನ್ನು ಔಷಧವೆನ್ನಲಾಗದು. 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಳ್ಳ ರಾಗಿಯನ್ನು ಬಿಟ್ಟು ಪಾಚಿಯನ್ನರಸುವುದು ಕನ್ನಡಿಗರಿಗೆ ಅನಾವಶ್ಯಕ. ಕೊಂಬು ಮುಂತಾದ ಕಂದು ಪಾಚಿಗಳಲ್ಲಿ ಅಯೋಡಿನ್ ಅತಿಯಾಗಿರುವುದರಿಂದ, ಥೈರಾಯಿಡ್ ರೋಗಿಗಳು ವೈದ್ಯರನ್ನು ಕೇಳದೆ ಅವನ್ನು ಸೇವಿಸಕೂಡದು.