ಕೈಗಡಿಯಾರದ ಮುಳ್ಳು ಕೂರಿಸುವ ಕೆಲಸ

ವಾಚಿನ ಯಂತ್ರದ ನಡುವಿನಿಂದ ಡಯಲಿನ ಮೇಲಕ್ಕೆ ಚಾಚಿಕೊಂಡ ಕೊಳವೆಗಳಿಗೂ ಸೂಜಿಯಂಥ ಅಚ್ಚಿಗೂ ಗಂಟೆ, ನಿಮಿಷ, ಸೆಕೆಂಡ್ ಮುಳ್ಳುಗಳನ್ನು ಒಂದರ ಮೇಲೊಂದರಂತೆ ಒತ್ತಿ ಕೂರಿಸುವ ಕೆಲಸವಿದು. ಇಲ್ಲಿ ತಿರುಪಿಲ್ಲ, ಅಂಟಿಲ್ಲ. ಮುಳ್ಳಿನ ರಂಧ್ರ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದಲೇ ಅದು ವರ್ಷಗಟ್ಟಲೆ ಜಾಗ ಬಿಡದೆ ನಿಲ್ಲುತ್ತದೆ. ಡಯಲ್ ಬದಲಿಸಲು, ಹಳೆಯ ವಾಚನ್ನು ಬಿಚ್ಚಿ ತೊಳೆಯಲು, ಬಿಡಿಭಾಗ ತಂದು ಹೊಸ ವಾಚು ಜೋಡಿಸಲು ಹೊರಟ ಹವ್ಯಾಸಿಗಳು ಈ ಕೆಲಸವನ್ನು ಮನೆಯ ಮೇಜಿನ ಮೇಲೆಯೇ ಮಾಡುತ್ತಾರೆ. ಇದಕ್ಕೆ ದುಬಾರಿ ಸಲಕರಣೆ ಬೇಕೇ ಬೇಕೆಂದಿಲ್ಲ. ಸರಿಯಾದ ಅಳತೆಯ ಮುಳ್ಳು, ಅಲುಗಾಡದ ಆಧಾರ, ಪಕ್ಕದಿಂದ ನೋಡುವ ತಾಳ್ಮೆ ಈ ಮೂರೂ ಇದ್ದರೆ ಕೆಲಸ ಮುಕ್ಕಾಲು ಮುಗಿದಂತೆ.

ಮೊದಮೊದಲ ಜೇಬುಗಡಿಯಾರಗಳಲ್ಲಿ ಸಾಮಾನ್ಯವಾಗಿ ಗಂಟೆಯ ಮುಳ್ಳು ಮಾತ್ರ ಇರುತ್ತಿತ್ತು. ದಿನಕ್ಕೆ ಅರ್ಧ ಗಂಟೆ ಹಿಂದುಮುಂದಾಗುವ ಯಂತ್ರಕ್ಕೆ ನಿಮಿಷದ ಮುಳ್ಳು ಇಟ್ಟು ಪ್ರಯೋಜನವಿರಲಿಲ್ಲ. 1675ರಲ್ಲಿ ಕ್ರಿಶ್ಚಿಯನ್ ಹೈಗನ್ಸ್ ಸುರುಳಿ ಸ್ಪ್ರಿಂಗಿನ ಸಮತೋಲನ ಚಕ್ರವನ್ನು ಪ್ರಕಟಿಸಿದ ಬಳಿಕ ನಿಖರತೆ ಬಹಳ ಹೆಚ್ಚಿತು, ನಿಮಿಷದ ಮುಳ್ಳು ರೂಢಿಗೆ ಬಂತು. ಎರಡೂ ಮುಳ್ಳುಗಳನ್ನು ಒಂದೇ ಕೇಂದ್ರದಲ್ಲಿ ತಿರುಗಿಸುವ ಏರ್ಪಾಡನ್ನು ಬಳಕೆಗೆ ತಂದವರಲ್ಲಿ ಲಂಡನ್ನಿನ ಡೇನಿಯಲ್ ಕ್ವೇರ್ ಹೆಸರು ಮುಖ್ಯವಾದುದು. ಇಂದಿನ ವಾಚುಗಳಲ್ಲೂ ಮೂಲ ರಚನೆ ಅದೇ. ಒಳಗೆ ಗಂಟೆಗೊಂದು ಸುತ್ತು ಹಾಕುವ ಕ್ಯಾನನ್ ಪಿನಿಯನ್ ಎಂಬ ಕೊಳವೆ. ಅದರ ತುದಿಗೆ ನಿಮಿಷದ ಮುಳ್ಳು. ಅದನ್ನು ಸುತ್ತುವರಿದು ಹನ್ನೆರಡು ಗಂಟೆಗೊಂದು ಸುತ್ತು ಹಾಕುವ ಗಂಟೆ ಚಕ್ರದ ಅಗಲ ಕೊಳವೆ. ಅದಕ್ಕೆ ಗಂಟೆಯ ಮುಳ್ಳು. ನಟ್ಟನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಸೆಕೆಂಡ್ ಮುಳ್ಳಿನ ಸಪೂರ ಅಚ್ಚು. ಹೀಗಾಗಿ ಕೂರಿಸುವ ಕ್ರಮ ತಾನಾಗಿಯೇ ಗೊತ್ತಾಗುತ್ತದೆ: ಗಂಟೆ, ನಿಮಿಷ, ಕೊನೆಗೆ ಸೆಕೆಂಡ್. ಆರರ ಅಂಕಿಯ ಬಳಿ ಪುಟ್ಟ ಸೆಕೆಂಡ್ ವೃತ್ತವಿರುವ ವಾಚುಗಳಲ್ಲಿ ಆ ಮುಳ್ಳು ಬೇರೆಯೇ ಅಚ್ಚಿನ ಮೇಲೆ ಕೂರುತ್ತದೆ.

ಅಳತೆ

ಮನೆಯಲ್ಲಿ ಆಗುವ ಹೆಚ್ಚಿನ ಸೋಲುಗಳು ಕೈಚಳಕದ ಕೊರತೆಯಿಂದಲ್ಲ, ರಂಧ್ರದ ಅಳತೆ ಹೊಂದದೆ ಆಗುವಂಥವು. ಮುಳ್ಳಿನ ಉದ್ದ, ಬಣ್ಣ, ಆಕಾರ ನೋಡಿ ಕೊಂಡವರಿಗೆ ರಂಧ್ರದ ವ್ಯಾಸ ನೆನಪಾಗುವುದು ತಡವಾಗಿ. ಹವ್ಯಾಸಿಗಳು ಬಹಳವಾಗಿ ಬಳಸುವ ಸೈಕೊ ಬಳಗದ ಎನ್‌ಎಚ್35 ಯಂತ್ರಕ್ಕೆ ಗಂಟೆಯ ಮುಳ್ಳಿನ ರಂಧ್ರ 1.50 ಮಿ.ಮೀ., ನಿಮಿಷದ್ದು 0.90 ಮಿ.ಮೀ., ಸೆಕೆಂಡಿನದು 0.20 ಮಿ.ಮೀ. ಸ್ವಿಸ್ ಇಟಿಎ 2824-2ರಲ್ಲಿ ಮೊದಲೆರಡು ಅಳತೆ ಇವೇ ಆದರೂ ಸೆಕೆಂಡಿನ ರಂಧ್ರ 0.25 ಮಿ.ಮೀ. ಆದ್ದರಿಂದ 2824ರ ಮುಳ್ಳುಗಳ ಸೆಟ್ಟನ್ನು ಎನ್‌ಎಚ್35ಕ್ಕೆ ಹಾಕಿದರೆ ಗಂಟೆ, ನಿಮಿಷ ಸಲೀಸಾಗಿ ಕೂತು ಸೆಕೆಂಡ್ ಮುಳ್ಳು ಸಡಿಲವಾಗಿ ಉದುರುತ್ತದೆ. ತಿರುಗುಮುರುಗಾಗಿ ಹಾಕಹೋದರೆ ಅಚ್ಚೇ ಬಾಗುವ ಅಪಾಯ. ಕೂದಲೆಳೆಯಷ್ಟೂ ಇಲ್ಲದ ಈ 0.05 ಮಿ.ಮೀ. ಅಂತರವನ್ನು ಬಲದಿಂದ ತುಂಬಿಸಲಾಗದು. ಕೊಳ್ಳುವ ಮುನ್ನ ಯಂತ್ರದ ಕ್ಯಾಲಿಬರ್ ಸಂಖ್ಯೆಯನ್ನು ಓದಿಕೊಂಡು ಅದರ ತಾಂತ್ರಿಕ ಹಾಳೆಯಲ್ಲಿನ ಅಂಕಿಗಳಿಗೆ ತಾಳೆ ನೋಡುವುದೇ ದಾರಿ.

ರಂಧ್ರ ತುಸು ಚಿಕ್ಕದಾದರೆ ಬ್ರೋಚ್ ಎಂಬ ಸಪೂರ ಮೊನಚು ಉಪಕರಣದಿಂದ ಹಿಗ್ಗಿಸಬಹುದು. ಒಂದೆರಡು ಸುತ್ತು ತಿರುವಿ, ಕೂರಿಸಿ ನೋಡಿ, ಮತ್ತೆ ತಿರುವಬೇಕು. ರಂಧ್ರ ದೊಡ್ಡದಾದರೆ ಮುಳ್ಳಿನ ಕೊಳವೆಯನ್ನು ಬಿಗಿಗೊಳಿಸಲು ಬೇರೆಯೇ ಉಪಕರಣ ಬೇಕು, ಅದು ಅನುಭವಿಗಳ ಕೆಲಸ. ಅಂಟು ಹಾಕುವುದು ಪರಿಹಾರವಲ್ಲ. ಅದು ಇಳಿದು ಗಂಟೆ ಕೊಳವೆಗೂ ಕ್ಯಾನನ್ ಪಿನಿಯನ್ನಿಗೂ ನಡುವೆ ಸೇರಿದರೆ ಮುಳ್ಳುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಸಲಕರಣೆ

ಕಣ್ಣಿಗೆ ಸಿಕ್ಕಿಸುವ ಮಸೂರ ಮೊದಲ ಅಗತ್ಯ. ಮುಳ್ಳು ಎತ್ತಿ ಇಡಲು ಮೂರು-ನಾಲ್ಕು ಪಟ್ಟು ಹಿಗ್ಗಿಸುವ ಮಸೂರ ಸಾಕು. ಮುಳ್ಳುಗಳ ನಡುವಿನ ಸಂದು ನೋಡಲು ಹತ್ತು ಪಟ್ಟಿನದು ಬೇಕು. ಎರಡನೆಯದು ಯಂತ್ರವನ್ನು ಅಂಚಿನಲ್ಲಿ ಹಿಡಿದಿಡುವ ಹೋಲ್ಡರ್. ಆಟೊಮ್ಯಾಟಿಕ್ ವಾಚಿನ ಬೆನ್ನಿಗೆ ತೂಕದ ರೋಟರ್ ಇರುತ್ತದೆ. ಬರಿ ಮೇಜಿನ ಮೇಲಿಟ್ಟು ಒತ್ತಿದರೆ ಆ ಒತ್ತಡವೆಲ್ಲ ರೋಟರಿನ ಬೇರಿಂಗಿಗೆ ಹೋಗುತ್ತದೆ. ಹಣ ಖರ್ಚು ಮಾಡುವುದಾದರೆ ಮುಳ್ಳು ಒತ್ತುವ ಯಂತ್ರಕ್ಕಿಂತ ಮುಂಚೆ ಈ ಎರಡಕ್ಕೇ ಮಾಡುವುದು ಒಳ್ಳೆಯದು.

ಒತ್ತುಕಡ್ಡಿಗಳ ತುದಿ ನೈಲಾನಿನಂಥ ಮೆದು ಪ್ಲಾಸ್ಟಿಕ್ಕಿನದು. ಗಂಟೆ, ನಿಮಿಷದ ಮುಳ್ಳಿಗೆ ನಡುವೆ ತೂತಿರುವ ತುದಿ ಬೇಕು, ಕೊಳವೆ ಆ ತೂತಿನೊಳಗೆ ಸರಿಯುತ್ತದೆ. ಸೆಕೆಂಡ್ ಮುಳ್ಳಿಗೆ ಸಪಾಟು ತುದಿ. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಪಟ್ಟಣದ ಬರ್ಜಿಯೊನ್ ಸಂಸ್ಥೆಯ ಒತ್ತುಕಡ್ಡಿಗಳಿಗೆ ವಾಚ್ ರಿಪೇರಿಯವರಲ್ಲಿ ದೊಡ್ಡ ಹೆಸರಿದೆ. ಮೂರು ಲಂಬ ಕಡ್ಡಿಗಳಿರುವ ಅಗ್ಗದ ಕೈಪ್ರೆಸ್ಸುಗಳೂ ಸಿಗುತ್ತವೆ. ಅವುಗಳ ದೊಡ್ಡ ಅನುಕೂಲ ಕಡ್ಡಿ ಓರೆಯಾಗದೆ ನೆಟ್ಟಗೆ ಇಳಿಯುವುದು. ಕೊರತೆಯೆಂದರೆ ಎಷ್ಟು ಒತ್ತಿದೆವೆಂಬುದು ಬೆರಳಿಗೆ ತಿಳಿಯದು. ಹೊಸಬರು ಸಪೂರ ಪ್ಲಾಸ್ಟಿಕ್ ನಳಿಕೆಯ ತುದಿಯನ್ನು ನೇರವಾಗಿ ಕತ್ತರಿಸಿ, ತೊಳೆದು ಒಣಗಿಸಿ ತೂತಿನ ಒತ್ತುಕಡ್ಡಿಯಂತೆ ಬಳಸಬಹುದು. ಸೆಕೆಂಡ್ ಮುಳ್ಳಿಗೆ ತುದಿ ಸಪಾಟು ಮಾಡಿದ ಮರದ ಕಡ್ಡಿ ನಡೆಯುತ್ತದೆ.

ಚಿಮುಟ ಹಿತ್ತಾಳೆಯದಾದರೆ ಲೇಸು, ಅದು ಮುಳ್ಳಿನ ಹೊಳಪನ್ನು ಗೀರುವುದು ಕಡಿಮೆ. ಉಕ್ಕಿನ ಚಿಮುಟಕ್ಕೆ ಅಯಸ್ಕಾಂತ ಗುಣ ಹತ್ತಿದ್ದರೆ ನೀಲಿ ಉಕ್ಕಿನ ಮುಳ್ಳು ಅದಕ್ಕೇ ಅಂಟಿಕೊಂಡು ಕಾಡುತ್ತದೆ. ರೋಡಿಕೊ ಎಂಬ ಹಸಿರು ಮೇಣದಂಥ ಮುದ್ದೆಯ ಚೂರನ್ನು ಕಡ್ಡಿಯ ತುದಿಗೆ ಅಂಟಿಸಿ ಮುಳ್ಳನ್ನು ಎತ್ತಿ ಇಡುವ ರೂಢಿಯೂ ಇದೆ. ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಳ್ಳಬೇಕು. ಬೆವರಿನ ಗುರುತು ಡಯಲಿನ ಮೇಲೆ ಕಾಲಕ್ರಮದಲ್ಲಿ ಕಲೆಯಾಗುತ್ತದೆ. ಧೂಳನ್ನು ರಬ್ಬರ್ ಬುಂಡೆಯಿಂದ ಊದಬೇಕೇ ಹೊರತು ಬಾಯಿಂದಲ್ಲ.

ಹಳೆಯ ಮುಳ್ಳು ತೆಗೆಯುವುದು

ಮುಳ್ಳುಗಳನ್ನು ಹನ್ನೆರಡರಲ್ಲಿ ಒಂದರ ಮೇಲೊಂದು ಬರುವಂತೆ ತಿರುಗಿಸಿ, ನಡುವೆ ಸೀಳಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅವುಗಳ ಕೆಳಗೆ ಸರಿಸಿ ಡಯಲನ್ನು ಮುಚ್ಚಬೇಕು. ತುದಿ ಬಾಗಿದ ಎರಡು ಸನ್ನೆಕಡ್ಡಿಗಳನ್ನು ಎದುರುಬದುರಾಗಿ ಗಂಟೆಯ ಮುಳ್ಳಿನ ಬುಡಕ್ಕೆ ತೂರಿಸಿ ಎರಡನ್ನೂ ಒಟ್ಟಿಗೆ ಮೀಟಿದರೆ ಮುಳ್ಳುಗಳು ನೆಟ್ಟಗೆ ಮೇಲೇಳುತ್ತವೆ. ಒಂದೇ ಬದಿಯಿಂದ ಎತ್ತಿದರೆ ಸೆಕೆಂಡಿನ ಅಚ್ಚು ಬಾಗುತ್ತದೆ. ಎಲ್ಲದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿಕೊಂಡು ಮೀಟುವುದು ಜಾಣತನ. ಚಿಮ್ಮಿದ ಸೆಕೆಂಡ್ ಮುಳ್ಳನ್ನು ನೆಲದಲ್ಲಿ ಹುಡುಕಿ ಪಡೆಯುವುದು ಕಷ್ಟ. ಸ್ಪ್ರಿಂಗಿನಿಂದ ತಾನೇ ಎತ್ತುವ ಪ್ರೆಸ್ಟೊ ಉಪಕರಣ ಇನ್ನೊಂದು ಬಗೆ. ಅದರ ಪಾದ ಡಯಲಿನ ಮೇಲೆಯೇ ಊರುವುದರಿಂದ ಅಲ್ಲಿಗೂ ಹಾಳೆಯ ರಕ್ಷಣೆ ಬೇಕು.

ಕೂರಿಸುವ ವಿಧಾನ

ತಾರೀಖು ತೋರಿಸುವ ವಾಚಿನಲ್ಲಿ ಕೆಲಸ ಶುರುವಾಗುವುದು ಮುಳ್ಳಿನಿಂದಲ್ಲ, ತಾರೀಖಿನಿಂದ. ಕೀಲಿಯನ್ನು ಸಮಯ ಹೊಂದಿಸುವ ಸ್ಥಾನಕ್ಕೆ ಎಳೆದು, ಮುಂದಕ್ಕೆ ಮಾತ್ರ ತಿರುಗಿಸುತ್ತ, ತಾರೀಖು ಬದಲಾದ ಕ್ಷಣದಲ್ಲಿ ನಿಲ್ಲಿಸಬೇಕು. ಯಂತ್ರದ ಲೆಕ್ಕದಲ್ಲಿ ಆಗ ನಡುರಾತ್ರಿ. ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಪಡಿಸಬಾರದು, ಹಲ್ಲುಗಳ ನಡುವಿನ ಸಡಿಲದಿಂದ ಸ್ಥಾನ ತಪ್ಪುತ್ತದೆ; ಇನ್ನೊಂದು ಸುತ್ತು ಮುಂದಕ್ಕೇ ಹೋಗಿ ಹಿಡಿಯಬೇಕು. ಈಗ ಗಂಟೆಯ ಮುಳ್ಳನ್ನು ಹನ್ನೆರಡಕ್ಕೆ ನೇರವಾಗಿ ಕೊಳವೆಯ ಮೇಲಿಟ್ಟು, ತೂತಿನ ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು. ಈ ಹೆಜ್ಜೆಯಲ್ಲಿ ಎಡವಿದರೆ ನಷ್ಟ ನೋಟಕ್ಕಷ್ಟೇ ಅಲ್ಲ. ಇಂಥ ಅನೇಕ ಯಂತ್ರಗಳಲ್ಲಿ ರಾತ್ರಿ 9ರಿಂದ ನಸುಕಿನವರೆಗೆ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುವುದರಿಂದ ಆಗ ಕೀಲಿಯಿಂದ ತಾರೀಖು ತಿದ್ದಬಾರದೆಂಬ ನಿಯಮವಿದೆ. ಮುಳ್ಳು ನಾಲ್ಕು ಗಂಟೆ ತಪ್ಪಾಗಿ ಕೂತಿದ್ದರೆ ವಾಚು ಕಟ್ಟಿಕೊಂಡವರಿಗೆ ಆ ಹೊತ್ತು ಯಾವುದೆಂದೇ ತಿಳಿಯದೆ, ಸುರಕ್ಷಿತವೆಂದುಕೊಂಡ ವೇಳೆಯಲ್ಲಿ ತಿದ್ದಿ ಹಲ್ಲು ಮುರಿದುಕೊಳ್ಳುತ್ತಾರೆ. ತಾರೀಖಿಲ್ಲದ ವಾಚಿಗೆ ಈ ಗೋಜಿಲ್ಲ.

ಬಳಿಕ ನಿಮಿಷದ ಮುಳ್ಳು. ಅದನ್ನೂ ಹನ್ನೆರಡಕ್ಕೆ ಇಟ್ಟು ಮೊದಲು ಅರ್ಧ ಮಾತ್ರ ಒತ್ತಿ, ಕೀಲಿ ತಿರುಗಿಸಿ ಮೂರು, ಆರು, ಒಂಬತ್ತು ಗಂಟೆಗಳಲ್ಲಿ ಎರಡೂ ಮುಳ್ಳುಗಳನ್ನು ನೋಡಬೇಕು. ಆರು ಗಂಟೆಗೆ ಇವೆರಡೂ ಒಂದೇ ಗೆರೆಯಲ್ಲಿ ನಿಂತಿರಬೇಕು; ಸಣ್ಣ ಓರೆಯೂ ಅಲ್ಲಿ ಎದ್ದು ಕಾಣುವುದರಿಂದ ಇದು ಎಲ್ಲಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ. ತಪ್ಪಿದ್ದರೆ ತುದಿ ಹಿಡಿದು ತಳ್ಳದೆ, ಮುಳ್ಳನ್ನು ಎತ್ತಿ ಮತ್ತೆ ಇಡಬೇಕು. ಆದರೆ ಪ್ರತಿ ಬಾರಿ ಕಿತ್ತಾಗಲೂ ರಂಧ್ರ ತುಸು ಹಿಗ್ಗುತ್ತದೆಂಬುದು ನೆನಪಿರಲಿ. ಅರ್ಧ ಒತ್ತಿ ನೋಡುವ ಅಭ್ಯಾಸಕ್ಕೆ ಬೆಲೆ ಬರುವುದು ಇದೇ ಕಾರಣದಿಂದ.

ಸೆಕೆಂಡ್ ಮುಳ್ಳು ಎಲ್ಲಕ್ಕಿಂತ ಕಠಿಣ. ಮೇಲಿನಿಂದ ನೋಡುವವನಿಗೆ ಮುಳ್ಳಿನ ಕೊಳವೆ ಅಚ್ಚಿನ ನೇರಕ್ಕಿದೆಯೋ ಇಲ್ಲವೋ ಗೊತ್ತಾಗದು. ಮುಳ್ಳನ್ನು ಚಿಮುಟದಲ್ಲೋ ರೋಡಿಕೊದಲ್ಲೋ ಹಿಡಿದು, ತಲೆ ತಗ್ಗಿಸಿ ಡಯಲಿನ ಮಟ್ಟದಿಂದ ನೋಡುತ್ತ ಕೊಳವೆಯನ್ನು ಅಚ್ಚಿನ ತುದಿಗೆ ತಾಗಿಸಬೇಕು. ನಂತರ ಯಂತ್ರವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಬದಿಯಿಂದಲೂ ನೋಡಬೇಕು. ಎರಡೂ ಕಡೆಯಿಂದ ನೆಟ್ಟಗಿದ್ದರೆ ಸಪಾಟು ಕಡ್ಡಿಯಿಂದ ಹಗುರಾಗಿ ಒತ್ತಬಹುದು. ಬಿಗಿ ಹಿಡಿದದ್ದು ಬೆರಳಿಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಕೀಲಿ ಎಳೆದರೆ ಸೆಕೆಂಡ್ ನಿಲ್ಲುವ ಯಂತ್ರಗಳಲ್ಲಿ ಹಾಗೆ ನಿಲ್ಲಿಸಿಕೊಂಡೇ ಕೂರಿಸುವುದು ಸುಲಭ. ಮಿಯೋಟಾ 8215ರಂಥ ಕೆಲವು ಯಂತ್ರಗಳಲ್ಲಿ ನಡುವಿನ ಸೆಕೆಂಡ್ ಅಚ್ಚು ಪಕ್ಕದ ಚಕ್ರದಿಂದ ಚಲನೆ ಪಡೆಯುತ್ತದೆ, ತೆಳು ಸ್ಪ್ರಿಂಗೊಂದು ಅದನ್ನು ಹದದಲ್ಲಿ ಹಿಡಿದಿರುತ್ತದೆ. ಅಲ್ಲಿ ಕೈ ಇನ್ನಷ್ಟು ಹಗುರಾಗಿರಬೇಕು. ಕ್ವಾರ್ಟ್ಜ್ ಯಂತ್ರಗಳಲ್ಲಿ ಪ್ಲಾಸ್ಟಿಕ್ ಚಕ್ರಗಳಿರುವುದುಂಟು, ಕೆಲವಕ್ಕೆ ಕೆಳಗಿನಿಂದ ನಡುಭಾಗಕ್ಕೇ ಆಧಾರ ಕೊಟ್ಟು ಒತ್ತಬೇಕೆಂಬ ಸೂಚನೆಯಿರುತ್ತದೆ. ಜೊತೆಗೆ ಅವುಗಳ ಮೋಟಾರಿನ ಶಕ್ತಿ ಬಹಳ ಕಡಿಮೆ. ಅಂದಕ್ಕೆಂದು ದಪ್ಪ, ಭಾರದ ಸೆಕೆಂಡ್ ಮುಳ್ಳು ಹಾಕಿದರೆ ಒಂಬತ್ತರ ಬಳಿ ಮೇಲೇರುವಾಗ ತಡವರಿಸಿ ನಿಲ್ಲಬಹುದು.

ಮುಳ್ಳುಗಳ ಅಂತರ

ಪೂರ್ತಿ ಕೂತ ಮೇಲೆ ಮೂರು ಮುಳ್ಳುಗಳೂ ಡಯಲಿಗೂ ಒಂದಕ್ಕೊಂದಕ್ಕೂ ಸಮಾನಾಂತರವಾಗಿರಬೇಕು. ಹನ್ನೆರಡು ಗಂಟೆಯ ಅವಧಿಯಲ್ಲಿ ಗಂಟೆ, ನಿಮಿಷದ ಮುಳ್ಳುಗಳು ಹನ್ನೊಂದು ಬಾರಿ ಒಂದನ್ನೊಂದು ದಾಟುತ್ತವೆ. ಕೀಲಿ ತಿರುಗಿಸಿ ಆ ಹನ್ನೊಂದು ಜಾಗಗಳಲ್ಲೂ ಪಕ್ಕದಿಂದ ಬೆಳಕು ಬಿಟ್ಟು ಸಂದು ಕಾಣುತ್ತದೆಯೇ ಎಂದು ನೋಡುವುದು ಪೂರ್ಣ ಪರೀಕ್ಷೆ. ಉಬ್ಬು ಅಂಕಿಗಳ ಡಯಲಿನಲ್ಲಿ ಗಂಟೆಯ ಮುಳ್ಳಿನ ತುದಿ ಅಂಕಿಗೆ ತಾಗುತ್ತದೆಯೇ, ಸೆಕೆಂಡ್ ಮುಳ್ಳಿನ ನೆತ್ತಿ ಗಾಜಿಗೆ ಉಜ್ಜುತ್ತದೆಯೇ ಎಂಬುದನ್ನೂ ನೋಡಬೇಕು. ಆಮೇಲೆ ಯಂತ್ರವನ್ನು ಮಗುಚಿ, ಓರೆಯಾಗಿಸಿ ಇದೇ ಪರೀಕ್ಷೆ ಮಾಡಬೇಕು. ಗಂಟೆ ಚಕ್ರಕ್ಕೆ ಮೇಲೆ ಕೆಳಗೆ ತುಸು ಆಟವಿರುತ್ತದೆ. ಅನೇಕ ಯಂತ್ರಗಳಲ್ಲಿ ಡಯಲಿನ ಕೆಳಗಿನ ತೆಳು ಬಾಗು ವಾಷರ್ ಅದನ್ನು ಅದುಮಿಡುತ್ತದೆ. ಬಿಚ್ಚುವಾಗ ಆ ವಾಷರ್ ಡಯಲಿನ ಬೆನ್ನಿಗೆ ಅಂಟಿಕೊಂಡು ಕಳೆದುಹೋದರೆ, ಮೇಜಿನ ಮೇಲೆ ಸರಿಯಾಗಿ ಓಡಿದ ವಾಚು ಕೈಗೆ ಕಟ್ಟಿದಾಗ ನಿಲ್ಲತೊಡಗುತ್ತದೆ. ಕಾರಣ ಹೊಳೆಯದ ಇಂಥ ನಿಲುಗಡೆಗೆ ಯಂತ್ರವನ್ನೆಲ್ಲ ಬಿಚ್ಚುವ ಮೊದಲು ಈ ವಾಷರನ್ನು ಹುಡುಕಬೇಕು.

ಕರ್ನಾಟಕದಲ್ಲಿ ಕಲಿಯುವವರಿಗೆ ಹಳೆಯ ಎಚ್‌ಎಂಟಿ ವಾಚುಗಳಷ್ಟು ಒಳ್ಳೆಯ ಪಾಠ ಬೇರೆಯಿಲ್ಲ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಜನತಾ, ಪೈಲಟ್ ಮಾದರಿಗಳು ಕೀಲಿ ಕೊಡುವ ವಾಚುಗಳು, ರೋಟರಿಲ್ಲ, ತಾರೀಖಿಲ್ಲ. ಎಚ್‌ಎಂಟಿ ವಾಚ್ ಘಟಕ ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೂ ಇವು ಮನೆಮನೆಗಳ ಕಪಾಟುಗಳಲ್ಲಿ ಉಳಿದಿವೆ. ಡಯಲಿಗೆ ಹೊಸ ಬಣ್ಣ ಬಳಿದು ಮಾರುವ ಹಳೆಯ ವಾಚುಗಳಲ್ಲಿ ಮುಳ್ಳುಗಳು ಬೇರೆ ಬೇರೆ ಮಾದರಿಯವು ಬೆರೆತಿರುವುದು ಸಾಮಾನ್ಯ: ನಿಮಿಷದ ಮುಳ್ಳು ನಿಮಿಷದ ಗೆರೆ ಮುಟ್ಟದಿದ್ದರೆ, ಗಂಟೆಯ ಮುಳ್ಳಿನ ಆಕಾರ ನಿಮಿಷದ್ದಕ್ಕೆ ಹೊಂದದಿದ್ದರೆ ಅನುಮಾನಿಸಬೇಕು.

ಮನೆಯಲ್ಲಿ ಮಾಡಬಾರದ್ದು

ಕ್ರೊನೊಗ್ರಾಫ್ ಎಂಬ ಸ್ಟಾಪ್‌ವಾಚ್ ಸೌಲಭ್ಯದ ವಾಚುಗಳ ಮುಳ್ಳುಗಳು ಮರುಹೊಂದಿಕೆಯ ಗುಂಡಿ ಒತ್ತಿದಾಗಲೆಲ್ಲ ಸೊನ್ನೆಗೆ ಜಿಗಿದು ನಿಲ್ಲುವಂಥವು. ಆ ಹೊಡೆತಕ್ಕೆ ಜಾರದಷ್ಟು ಬಿಗಿ ಬೇಕು, ಸೊನ್ನೆಯ ಗೆರೆಗೆ ಕರಾರುವಾಕ್ಕಾಗಿ ಕೂರಬೇಕು. ಮೂರು ಮುಳ್ಳಿನ ವಾಚು ಸಲೀಸಾಗುವ ತನಕ ಅವನ್ನು ಮುಟ್ಟದಿರುವುದು ಮೇಲು.

ಇದಕ್ಕಿಂತ ಗಂಭೀರವಾದದ್ದು ರೇಡಿಯಂ. 1960ರ ದಶಕಕ್ಕೆ ಮುಂಚಿನ ಎಷ್ಟೋ ವಾಚುಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ತುಂಬುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಕುಂಚವನ್ನು ತುಟಿಯಿಂದ ಚೂಪು ಮಾಡಿ ಈ ಬಣ್ಣ ಬಳಿದ ಹೆಣ್ಣುಮಕ್ಕಳು ದವಡೆ ಕೊಳೆತು ಸತ್ತ ಪ್ರಕರಣ 1920ರ ದಶಕದಲ್ಲಿ ಬೆಳಕಿಗೆ ಬಂತು. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ. ಬಣ್ಣದ ಹೊಳಪು ಆರಿಹೋಗಿದ್ದರೂ ವಿಕಿರಣ ಆರಿಲ್ಲ. ಹಳತಾದ ಬಣ್ಣ ಮುಳ್ಳನ್ನು ಮೀಟಿದ ಕೂಡಲೇ ಪುಡಿಯಾಗಿ ಉದುರುತ್ತದೆ, ಆ ಪುಡಿ ಉಸಿರಿನಲ್ಲಿ ಒಳಗೆ ಹೋಗುವುದೇ ಅಪಾಯ. ಕಂದು ಬಣ್ಣಕ್ಕೆ ತಿರುಗಿದ ಹೊಳಪುಬಣ್ಣವಿರುವ ಹಳೆಯ ವಾಚು ಸಿಕ್ಕರೆ ಗಾಜು ತೆಗೆಯದೆ, ಕೆರೆಯದೆ, ಮಕ್ಕಳ ಕೈಗೆ ಕೊಡದೆ ಎತ್ತಿಡಬೇಕು. ಅದರ ಮುಳ್ಳು ಬದಲಿಸುವುದಿದ್ದರೆ ವಿಕಿರಣ ಅಳೆಯುವ ಸಾಧನ ಮತ್ತು ಅದಕ್ಕೆ ತಕ್ಕ ರಕ್ಷಣೆ ಇರುವವರಿಗೇ ಒಪ್ಪಿಸಬೇಕು.