ಶರೀಫರ ಪದ, ಬ್ಯಾಂಡಿನ ದಾರಿ

ಅಕ್ಕಿಆಲೂರು ಇರುವ ಹಾನಗಲ್ಲ ತಾಲ್ಲೂಕಿಗೆ ಶಿಗ್ಗಾಂವಿ ತಾಲ್ಲೂಕು ನೆರೆಯದು. ಅಲ್ಲಿಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಆ ಕೆಲಸ ಬಿಟ್ಟು, ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ಊರೂರು ತಿರುಗಿದರು. ದಾರಿಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಪದವಾಯಿತು: ಸೋರುವ ಮಾಳಿಗೆ, ತಂಬೂರಿ, ಕಟ್ಟೆಯ ಮೇಲೆ ಕುಳಿತು ಸೇದುವ ಗುಡುಗುಡಿ. ಅಮೆರಿಕದ ಕಂಟ್ರಿ ಗಾಯಕರು ಹೆದ್ದಾರಿಯನ್ನೂ ಬಿಟ್ಟುಬಂದ ಮನೆಯನ್ನೂ ಹಾಡುತ್ತಾರೆ. ಶರೀಫರ ಪದಗಳಲ್ಲಿ ದೇಹವೇ ಮನೆ, ಅದೂ ಸೋರುವ ಮನೆ. ಗುಡುಗುಡಿಯಲ್ಲಿ ಸುಡಬೇಕಾದ ಭಂಗಿಯೆಂದರೆ ಮೋಹ.

1889ರಲ್ಲಿ ಅವರು ತೀರಿಕೊಂಡ ಮೇಲೆ ಪದಗಳನ್ನು ಉಳಿಸಿದವರು ಭಜನಾ ಮೇಳದವರು. ಮೇಳ ಬದಲಾದರೆ ಧಾಟಿಯೂ ಬದಲು, ಒಂದೆರಡು ನುಡಿ ಹೆಚ್ಚುಕಡಿಮೆ. ಮುಂದೆ ಸಿ. ಅಶ್ವತ್ಥರ ಧಾಟಿಗಳು ಕ್ಯಾಸೆಟ್ಟಿನಲ್ಲಿ, 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ನಾಡೆಲ್ಲ ಹರಡಿದವು. ಶರೀಫರನ್ನು ಮನೆಮನೆಗೆ ಮುಟ್ಟಿಸಿದ ಉಪಕಾರ ದೊಡ್ಡದು. ಆದರೆ ಪಟ್ಟಣದವರ ಕಿವಿಗೆ ಆ ಒಂದು ಧಾಟಿಯೇ ಶರೀಫರ ಧಾಟಿಯಾಗಿ ನಿಂತುಬಿಟ್ಟಿತು.

ಆ ಪಟ್ಟನ್ನು ಸಡಿಲಿಸಿದ್ದು, ವಿಚಿತ್ರವೆನಿಸಬಹುದು, ಬೆಂಗಳೂರಿನ ಗಿಟಾರು. ರಘು ದೀಕ್ಷಿತರ ತಂಡ 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನೂ 2013ರ 'ಜಗ್ ಚಂಗಾ'ದಲ್ಲಿ ಲೋಕದ ಕಾಳಜಿಯ ಪದವನ್ನೂ ಹೊಸ ಧಾಟಿಯಲ್ಲಿ ಹಾಡಿತು. ಇದೂ ಊರೂರು ತಿರುಗುವ ತಂಡವೇ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂತು. ಡ್ರಮ್ಮಿನ ಅಬ್ಬರದಲ್ಲಿ ಪದದ ಒಳಗುಟ್ಟು ಮುಳುಗುತ್ತದೆಂಬ ದೂರನ್ನು ತಳ್ಳಿಹಾಕಲಾಗದು. ಧಾಟಿ ಕೆಡಿಸಿದರೆಂಬ ದೂರು ಮಾತ್ರ ನಿಲ್ಲದು; ಭಜನಾ ಮೇಳಗಳಲ್ಲಿ ಒಂದೇ ಪದಕ್ಕೆ ಹತ್ತು ಧಾಟಿ ಮೊದಲಿನಿಂದಲೂ ಇದ್ದವು.