ಹೊಸದುರ್ಗದಿಂದ ದುರ್ಗಕ್ಕೆ: ಏಳು ತಿಂಗಳ ಕೂಸಿನ ದಾರಿ

ದುರ್ಗ ಅಂದ್ರೆ ಕೋಟೆ ಕಥೆಯೇ ಬೇಕು ಅಂತೀರಿ. ಇವತ್ತು ಹೆರಿಗೆ ವಾರ್ಡಿನ ಕಥೆ.

ನಮ್ಮಜ್ಜಿ ಕಾಲದಲ್ಲಿ ಏಳು ತಿಂಗಳಿಗೇ ಹುಟ್ಟಿದ ಕೂಸನ್ನ ಹತ್ತಿಯಲ್ಲಿ ಸುತ್ತಿ ಒಲೆ ಪಕ್ಕ ಮಲಗಿಸ್ತಿದ್ದರಂತೆ. ಶಾಖ ಬೇಕು ಅನ್ನೋದು ಸೂಲಗಿತ್ತಿಗೂ ಗೊತ್ತಿತ್ತು. ಉಸಿರು ತಪ್ಪಿದರೆ ಮಾತ್ರ ಕೈಚೆಲ್ಲಬೇಕಿತ್ತು.

ಆಮೇಲೆ ದೊಡ್ಡಾಸ್ಪತ್ರೆ ಅಂದ್ರೆ ದಾವಣಗೆರೆ. 1965ರಲ್ಲಿ ಅಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದಾಗ ಅದು ಚಿತ್ರದುರ್ಗ ಜಿಲ್ಲೆಯದೇ ಊರು. 1997ರಲ್ಲಿ ಜಿಲ್ಲೆ ಒಡೆಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇತ್ತ ಉಳಿದವು, ಕಾಲೇಜು ಅತ್ತ ಹೋಯಿತು. ಗಡಿ ಎಳೆಯುವಾಗ ಬಸುರಿಯರನ್ನ ಯಾರು ನೆನೆಸಿಕೊಂಡಿದ್ದರೋ!

2005ರ ಜನನಿ ಸುರಕ್ಷಾ, 2008ರ 108 ವಾಹನ ಹೆರಿಗೆಯನ್ನ ಆಸ್ಪತ್ರೆಗೆ ತಂದವು. ಕೂಸಿನ ಸರದಿ ಬಂದಿದ್ದು 2011ರಲ್ಲಿ. ಕೇಂದ್ರದ ಮಾರ್ಗಸೂಚಿ ಮೂರು ಮೆಟ್ಟಿಲು ಹಾಕಿತು: ಹೆರಿಗೆ ಆಗೋ ಕಡೆಯೆಲ್ಲ ಶಿಶು ಮೂಲೆ, ತಾಲ್ಲೂಕು ಮಟ್ಟದಲ್ಲಿ ಸಣ್ಣ ಘಟಕ, ಜಿಲ್ಲಾಸ್ಪತ್ರೆಯಲ್ಲಿ ಎಸ್‌ಎನ್‌ಸಿಯು.

ಆದರೆ ನನಗೆ ದೊಡ್ಡದು ಅನ್ನಿಸೋದು 2014ರ ಇನ್ನೊಂದು ಮಾರ್ಗಸೂಚಿ. 24ರಿಂದ 34 ವಾರದೊಳಗೆ ನೋವು ಬಂದರೆ, ಮುಂದಕ್ಕೆ ಕಳಿಸೋ ಮೊದಲೇ ಎಎನ್‌ಎಂ ಸಿಸ್ಟರೇ ಡೆಕ್ಸಾಮೆಥಾಸೋನ್ ಮೊದಲ ಡೋಸ್ ಕೊಡಬಹುದು. ಅಗ್ಗದ ಇಂಜೆಕ್ಷನ್, ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬಲಿಯೋಕೆ. ಆಮೇಲೆ ತಾಯಿಯನ್ನ ಹೆರಿಗೆಗೆ ಮುಂಚೆಯೇ ಕಳಿಸಬೇಕು. ಗರ್ಭದಷ್ಟು ಬೆಚ್ಚಗಿನ ಇನ್‌ಕ್ಯುಬೇಟರ್ ಯಾವ ಆಂಬುಲೆನ್ಸಿನಲ್ಲೂ ಇಲ್ಲ.

ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಗಂಟೆ ಮೀರಿದ ದಾರಿ. ಆ ಸೂಜಿ ಹೊರಡೋ ಮೊದಲು ಬಿತ್ತೋ, ತಲುಪಿದ ಮೇಲೋ? ರೆಫರಲ್ ಚೀಟಿ ಸಿಕ್ಕರೆ ನಾನು ಮೊದಲು ಹುಡುಕೋದು ಆ ಟೈಮನ್ನೇ.